ಆ್ಯಪ್ ಮುಚ್ಚಿಟ್ಟು ನಾಳೆಯ ಮಳೆ ಊಹಿಸುವುದು ಹೇಗೆ?

ಮೊದಲೇ ಹೇಳಿಬಿಡುತ್ತೇನೆ. ಇದನ್ನು ಓದಿ ಮುಂದಿನ ತಿಂಗಳ ಮದುವೆಯ ದಿನ ಮಳೆ ಬರುತ್ತಾ ಇಲ್ವಾ ಅಂತ ಹೇಳಲು ಆಗುವುದಿಲ್ಲ. ಬರಿಗಣ್ಣಲ್ಲಿ ಆಕಾಶ ನೋಡಿ ಹೇಳಬಹುದಾದದ್ದು ಹೆಚ್ಚೆಂದರೆ ಒಂದು ದಿನದ್ದು, ಅದೃಷ್ಟ ಚೆನ್ನಾಗಿದ್ದರೆ ಒಂದೂವರೆ ದಿನದ್ದು. ಆದರೆ ಮುಂದಿನ ಎರಡು ಮೂರು ಗಂಟೆಯ ಮಾತು ಬಂದರೆ, ತಲೆಯ ಮೇಲಿನ ಆಕಾಶವನ್ನೇ ನೋಡುತ್ತಾ ನಿಂತ ಮನುಷ್ಯ ಫೋನಿಗಿಂತ ಚೆನ್ನಾಗಿ ಹೇಳುವ ದಿನಗಳೂ ಇವೆ.

ಗಾಳಿಯ ಒತ್ತಡ ಅಳೆಯುವ ಬ್ಯಾರೋಮೀಟರನ್ನು ಇಟಲಿಯ ಟೊರಿಚೆಲ್ಲಿ ಮಾಡಿದ್ದು 1643ರಲ್ಲಿ. ಬ್ರಿಟನ್ನಿನ ನೌಕಾಧಿಕಾರಿ ಫಿಟ್ಜ್‌ರಾಯ್ ಸಿದ್ಧಪಡಿಸಿದ ಮುನ್ಸೂಚನೆ ಪತ್ರಿಕೆಯಲ್ಲಿ ಅಚ್ಚಾಗಲು ಶುರುವಾಗಿದ್ದು 1861ರಲ್ಲಿ. ಅದಕ್ಕೂ ಮೊದಲು ಸಾವಿರಾರು ವರ್ಷ ಜನ ಬಿತ್ತಿದ್ದಾರೆ, ಕೊಯ್ದಿದ್ದಾರೆ, ಸಮುದ್ರಕ್ಕೆ ಹಡಗು ಇಳಿಸಿದ್ದಾರೆ. ಸುಮ್ನೆ ದೇವರ ಮೇಲೆ ಭಾರ ಹಾಕಿ ಹೊರಟವರಲ್ಲ ಅವರು. ನೋಡುತ್ತಿದ್ದರು, ನೆನಪಿಟ್ಟುಕೊಳ್ಳುತ್ತಿದ್ದರು, ಮಕ್ಕಳಿಗೆ ಹೇಳಿ ಹೋಗುತ್ತಿದ್ದರು. ಹಾಗೆ ಬಂದ ಮಾತುಗಳಲ್ಲಿ ಗಟ್ಟಿ ಕಾಳೂ ಇದೆ, ಬೇಕಾದಷ್ಟು ಜೊಳ್ಳೂ ಇದೆ.

ಎರಡನ್ನೂ ಬೇರೆ ಮಾಡಲು ನಾನು ಒಂದೇ ಪ್ರಶ್ನೆ ಕೇಳಿಕೊಳ್ಳುತ್ತೇನೆ: ಈ ಸೂಚನೆ ಏನನ್ನು ಅಳೆಯುತ್ತಿದೆ? ಗಾಳಿಯನ್ನೋ, ತೇವವನ್ನೋ, ಒತ್ತಡವನ್ನೋ ಅಳೆಯುತ್ತಿದ್ದರೆ ಅದು ಸಲಕರಣೆಯೇ, ಕಬ್ಬಿಣದ್ದು ಗಾಜಿನದ್ದು ಅಲ್ಲ ಅಷ್ಟೆ. ಏನನ್ನೂ ಅಳೆಯುತ್ತಿಲ್ಲ ಅಂದರೆ ಪಕ್ಕಕ್ಕಿಡಿ.

1. ಒಂದು ಜಾಗ, ಮೂರು ಹೊತ್ತು, ಒಂದು ನೋಟ್‌ಬುಕ್

ಆಕಾಶ ಜಾಸ್ತಿ ಕಾಣುವ ಒಂದು ಜಾಗ ಹುಡುಕಿ. ಟೆರೇಸ್ ಆದರೆ ಬಹಳ ಒಳ್ಳೆಯದು. ಯಾವಾಗಲೂ ಅಲ್ಲೇ ನಿಲ್ಲಿ, ಯಾಕೆಂದರೆ ಆ ನೀರಿನ ಟ್ಯಾಂಕು, ಆ ಕಂಬ, ಆ ಮರ ಇವೇ ನಿಮ್ಮ ಅಳತೆಯ ಗುರುತುಗಳು. ಬೆಳಿಗ್ಗೆ ಸೂರ್ಯ ಹುಟ್ಟುವ ಹೊತ್ತಿಗೆ, ಮಧ್ಯಾಹ್ನದ ಒಳಗೆ ಒಮ್ಮೆ, ಸಂಜೆ ಮುಳುಗುವ ಹೊತ್ತಿಗೆ ಒಮ್ಮೆ. ಎರಡೆರಡು ನಿಮಿಷ ಸಾಕು.

ಪ್ರತಿ ಸಂಜೆ ನೋಟ್‌ಬುಕ್‌ನಲ್ಲಿ ಎರಡು ಊಹೆ ಬರೆಯಿರಿ. ಒಂದು ನಿಮ್ಮದು. ಇನ್ನೊಂದು, "ನಾಳೆಯೂ ಇವತ್ತಿನ ಹಾಗೇ." ಈ ಎರಡನೆಯದು ಪೆದ್ದು ಊಹೆ ಅನ್ನಿಸುತ್ತದೆ, ಅಲ್ವಾ? ಒಂದು ತಿಂಗಳು ಬರೆದು ನೋಡಿ, ಅದು ಎಷ್ಟು ಸಲ ಸರಿಯಾಗುತ್ತದೆ ಅಂತ ಗೊತ್ತಾದಾಗ ನಗು ಬರುತ್ತದೆ. ಬಿಸಿಲುಗಾಲದಲ್ಲಿ ದಿನಾ ಬಿಸಿಲೇ, ಮಳೆಗಾಲದಲ್ಲಿ ದಿನಾ ಮಳೆಯೇ. ಆ ಪೆದ್ದು ಊಹೆಯನ್ನು ಸೋಲಿಸಿದರೆ ಮಾತ್ರ ನಿಮಗೆ ಆಕಾಶ ಓದಲು ಬಂತು ಅಂತ ಅರ್ಥ. ಹವಾಮಾನ ತಜ್ಞರೂ ತಮ್ಮ ಲೆಕ್ಕವನ್ನು ಇದರ ಜೊತೆಗೇ ಹೋಲಿಸಿ ನೋಡುತ್ತಾರೆ.

2. ಮಳೆ ಯಾವ ಕಡೆಯಿಂದ ಬರುತ್ತದೆ?

ಇದನ್ನು ಬಿಟ್ಟು ಮುಂದೆ ಹೋಗಬೇಡಿ. ಬಹಳ ಜನ ಇಲ್ಲೇ ಎಡವುತ್ತಾರೆ. ನಾನೂ ಎಡವಿದ್ದೇನೆ.

"ಸಂಜೆ ಕೆಂಪಾದರೆ ಮರುದಿನ ಒಳ್ಳೆಯದು, ಬೆಳಿಗ್ಗೆ ಕೆಂಪಾದರೆ ಎಚ್ಚರ." ಈ ಮಾತು ಎರಡು ಸಾವಿರ ವರ್ಷ ಹಳೆಯದು, ಬೈಬಲ್‌ನಲ್ಲೂ ಇದೆ. ಶುರುವಿನಲ್ಲಿ ನಾನಿದನ್ನು ಮಂತ್ರದ ಹಾಗೆ ನಂಬಿದ್ದೆ. ಒಂದು ಸಂಜೆ ಪಶ್ಚಿಮ ಕೆಂಪೋ ಕೆಂಪು. ಖುಷಿಯಾಗಿ ಕಂಬಳಿಗಳನ್ನೆಲ್ಲ ಒಗೆದು ಟೆರೇಸ್ ಮೇಲೆ ಹರವಿ ಮಲಗಿದೆ. ರಾತ್ರಿ ಎರಡು ಗಂಟೆಗೆ ಮಳೆ. ಒದ್ದೆ ಕಂಬಳಿ ಎಷ್ಟು ಭಾರ ಇರುತ್ತದೆ ಅನ್ನುವುದು ಕತ್ತಲಲ್ಲಿ ಮೆಟ್ಟಿಲು ಇಳಿಸುವಾಗಲೇ ಗೊತ್ತಾಗುವುದು.

ತಪ್ಪು ಮಾತಿನದಲ್ಲ, ನನ್ನದು. ಸಂಜೆ ಕೆಂಪಾಗಬೇಕಾದರೆ ಮುಳುಗುವ ಸೂರ್ಯನ ಬೆಳಕು ಪಶ್ಚಿಮದಲ್ಲಿ ಬಹಳ ದೂರದವರೆಗೆ ಮೋಡದ ಅಡ್ಡಿಯಿಲ್ಲದೆ ಬರಬೇಕು. ಅಂದರೆ ಪಶ್ಚಿಮ ತಿಳಿಯಾಗಿದೆ ಅಂತ. ಭೂಮಧ್ಯರೇಖೆಯಿಂದ ಸಾಕಷ್ಟು ದೂರದ ದೇಶಗಳಲ್ಲಿ, ಸುಮಾರು 30ರಿಂದ 60 ಡಿಗ್ರಿ ಅಕ್ಷಾಂಶದ ನಡುವೆ, ಹವೆ ಹೆಚ್ಚಾಗಿ ಪಶ್ಚಿಮದಿಂದ ಪೂರ್ವಕ್ಕೆ ಸಾಗುತ್ತದೆ. ಪಶ್ಚಿಮ ತಿಳಿಯಾಗಿದ್ದರೆ ನಾಳೆಯೂ ತಿಳಿ. ಆ ಮಾತು ಹುಟ್ಟಿದ್ದು ಅಂಥ ಕಡೆ. ಉಷ್ಣವಲಯದಲ್ಲಿ ಬಹಳ ಸಲ ಗಾಳಿ ಪೂರ್ವದಿಂದ ಬರುತ್ತದೆ, ಮುಂಗಾರು ಬೀಸುವ ಕಡೆಗಳಲ್ಲಂತೂ ವರ್ಷದಲ್ಲಿ ದಿಕ್ಕೇ ತಿರುಗಿಬಿಡುತ್ತದೆ. ಆ ತಿಂಗಳು ನಾನಿದ್ದ ಕಡೆ ಮಳೆ ಬರುತ್ತಿದ್ದದ್ದು ಪೂರ್ವದಿಂದ. ನಾನು ನೋಡಿದ್ದು ಮಳೆಯ ಬೆನ್ನನ್ನು.

ಆದ್ದರಿಂದ ಹೀಗೆ ಮಾಡಿ. ಪ್ರತಿ ಸಲ ಮಳೆ ಬಂದಾಗ ಕಪ್ಪು ಯಾವ ದಿಕ್ಕಿನಲ್ಲಿ ಎದ್ದಿತು ಅಂತ ಬರೆಯಿರಿ. ಹತ್ತು ಮಳೆ ಆಗುವಷ್ಟರಲ್ಲಿ ಈ ಕಾಲಕ್ಕೆ ನಿಮ್ಮ ಮಳೆಯ ಬಾಗಿಲು ಯಾವುದು ಅಂತ ಗೊತ್ತಾಗುತ್ತದೆ. ಕಾಲ ಬದಲಾದರೆ ಮತ್ತೆ ಹತ್ತು. ಆಮೇಲೆ ಕೆಂಪು ಆಕಾಶದ ನಿಯಮ ತಾನೇ ಸರಿಹೋಗುತ್ತದೆ: ಮಳೆಯ ಬಾಗಿಲು ತಿಳಿಯಾಗಿದೆಯೋ ಇಲ್ಲವೋ ಅಷ್ಟೇ ಪ್ರಶ್ನೆ. ಕಾಮನಬಿಲ್ಲಿಗೂ ಇದೇ ಲೆಕ್ಕ. ಅದು ಯಾವಾಗಲೂ ಸೂರ್ಯನ ಎದುರು ದಿಕ್ಕಿನಲ್ಲಿ ಕಾಣುತ್ತದೆ, ಅದು ಇರುವ ಕಡೆ ಮಳೆ ಬೀಳುತ್ತಿದೆ. ಕಾಮನಬಿಲ್ಲು ನಿಮ್ಮ ಮಳೆಯ ಬಾಗಿಲಲ್ಲಿ ನಿಂತಿದ್ದರೆ ಬಟ್ಟೆ ಒಳಗೆ ತನ್ನಿ, ಎದುರು ಕಡೆ ಇದ್ದರೆ ಮಳೆ ಹೋಯಿತು.

3. ಗಾಳಿ: ನೆಲದ್ದು ಬೇರೆ, ಮೇಲಿನದ್ದು ಬೇರೆ

ಬೆರಳು ಒದ್ದೆ ಮಾಡಿ ಎತ್ತಿ ಹಿಡಿದರೆ ಗಾಳಿ ಬರುವ ಕಡೆ ತಣ್ಣಗಾಗುತ್ತದೆ. ಇದು ಎಲ್ಲರಿಗೂ ಗೊತ್ತು. ಗಾಳಿಯ ಹೆಸರು ಬರುವುದು ಅದು ಎಲ್ಲಿಂದ ಬರುತ್ತದೋ ಆ ದಿಕ್ಕಿನಿಂದ, ಹೋಗುವ ದಿಕ್ಕಿನಿಂದ ಅಲ್ಲ. ನೋಟ್‌ಬುಕ್‌ನಲ್ಲಿ ಇದನ್ನು ಉಲ್ಟಾ ಬರೆದರೆ ಎಲ್ಲ ಲೆಕ್ಕವೂ ಉಲ್ಟಾ.

ವೇಗಕ್ಕೆ ಹಳೆಯ ಬೋಫರ್ಟ್ ಅಳತೆ ಇದೆ. 1805ರ ಹೊತ್ತಿಗೆ ಹಡಗಿನವರಿಗಾಗಿ ಶುರುವಾದದ್ದು, ಆಮೇಲೆ ನೆಲಕ್ಕೂ ಬಂತು. ಹೊಗೆ ನೆಟ್ಟಗೆ ಏರಿದರೆ 0. ಹೊಗೆ ಬಾಗಿದರೆ 1. ಮುಖಕ್ಕೆ ಗಾಳಿ ತಾಗಿ ಎಲೆ ಸರಸರ ಅಂದರೆ 2. ಸಣ್ಣ ಟೊಂಗೆಗಳು ಬಿಡದೆ ಆಡಿದರೆ 3. ಧೂಳು, ಕಾಗದ ಏಳುತ್ತಿದ್ದರೆ 4. ಸಣ್ಣ ಮರ ತೂಗಿದರೆ 5. ದೊಡ್ಡ ಕೊಂಬೆ ಆಡಿ ಕೊಡೆ ಹಿಡಿಯುವುದೇ ಕಷ್ಟವಾದರೆ 6. ಅದರಾಚೆಗೆ ಟೆರೇಸ್ ಮೇಲೆ ನಿಂತು ನಂಬರ್ ಹಾಕುವ ಹುಚ್ಚು ಬೇಡ.

ಇನ್ನು ಮೇಲಿನ ಗಾಳಿ. ಕಂಬದ ತುದಿಯನ್ನೋ ಟ್ಯಾಂಕಿನ ಮೂಲೆಯನ್ನೋ ಒಂದು ಕಣ್ಣಿಗೆ ನೇರ ಹಿಡಿದು, ತಲೆ ಅಲ್ಲಾಡಿಸದೆ, ಅದರ ಹಿಂದೆ ಎತ್ತರದ ತೆಳು ಮೋಡ ಯಾವ ಕಡೆ ಜರುಗುತ್ತದೆ ಅಂತ ಒಂದು ನಿಮಿಷ ನೋಡಿ. ನಿಧಾನ ಇರುತ್ತದೆ, ತಾಳ್ಮೆ ಬೇಕು. ಎಷ್ಟೋ ಸಲ ಕೆಳಗಿನ ಮೋಡ ಒಂದು ಕಡೆ, ಮೇಲಿನದು ಇನ್ನೊಂದು ಕಡೆ ಹೋಗುತ್ತಿರುತ್ತದೆ. ಮೊದಲ ಸಲ ಅದನ್ನು ನೋಡಿದಾಗ ನನಗೆ ಮೈ ಜುಮ್ ಅಂದಿತ್ತು. ಆಕಾಶ ಒಂದೇ ಹಾಳೆ ಅಂದುಕೊಂಡಿದ್ದೆ, ನೋಡಿದರೆ ಅಟ್ಟದ ಮೇಲೆ ಅಟ್ಟ.

ನಾವಿಕರು ಇದನ್ನು ಬಳಸುವ ರೀತಿ ಹೀಗೆ. ಉತ್ತರಾರ್ಧ ಗೋಳದಲ್ಲಿ, ನೆಲದ ಗಾಳಿಗೆ ಬೆನ್ನು ಕೊಟ್ಟು ನಿಲ್ಲಿ. ನೆಲದ ಗಾಳಿ ಮರ, ಗುಡ್ಡಕ್ಕೆ ಉಜ್ಜಿ ಸ್ವಲ್ಪ ತಿರುಗಿರುತ್ತದೆ, ಅದಕ್ಕೆ ನೀವೂ ಬಲಕ್ಕೆ ಸ್ವಲ್ಪ ತಿರುಗಿ. ಈಗ ಎತ್ತರದ ಮೋಡ ಎಡದಿಂದ ಬಲಕ್ಕೆ ಹೋಗುತ್ತಿದ್ದರೆ ಹವೆ ಕೆಡುವ ಸಾಧ್ಯತೆ ಹೆಚ್ಚು. ಬಲದಿಂದ ಎಡಕ್ಕಾದರೆ ಸುಧಾರಿಸುತ್ತಿದೆ. ಗಾಳಿಗೆ ಬೆನ್ನು ಹಾಕಿದರೆ ಕಡಿಮೆ ಒತ್ತಡ, ಅಂದರೆ ಕೆಟ್ಟ ಹವೆಯ ಜಾಗ, ಎಡಗಡೆ ಇರುತ್ತದೆ ಅನ್ನುವುದನ್ನು ನೆದರ್ಲೆಂಡ್ಸಿನ ಬೈಸ್ ಬಲ್ಲೊಟ್ 1857ರಲ್ಲಿ ನಿಯಮವಾಗಿ ಹೇಳಿದರು. ದಕ್ಷಿಣಾರ್ಧದಲ್ಲಿ ಎಲ್ಲವೂ ಕನ್ನಡಿಯ ಹಾಗೆ ತಿರುಗುಮುರುಗು. ಭೂಮಧ್ಯರೇಖೆಯ ಹತ್ತಿರ ಮಾತ್ರ ಇದನ್ನು ನೆಚ್ಚಿಕೊಳ್ಳಬೇಡಿ, ಭೂಮಿಯ ಸುತ್ತುವಿಕೆ ಗಾಳಿಯನ್ನು ತಿರುಗಿಸುವ ಜೋರು ಅಲ್ಲಿ ಕಡಿಮೆ.

4. ಮೋಡ: ಆಕಾರಕ್ಕಿಂತ ಬದಲಾವಣೆ ನೋಡಿ

ಮೋಡಗಳಿಗೆ ಇವತ್ತಿನ ಹೆಸರುಗಳ ಬುನಾದಿ ಹಾಕಿದ್ದು ಲ್ಯೂಕ್ ಹೋವರ್ಡ್ ಅನ್ನುವ ಲಂಡನ್ನಿನ ಔಷಧ ವ್ಯಾಪಾರಿ, 1802ರಲ್ಲಿ ಒಂದು ಭಾಷಣದಲ್ಲಿ. ಹೆಸರು ಬಾಯಿಪಾಠ ಮಾಡಲೇಬೇಕು ಅಂತೇನಿಲ್ಲ. ಒಂದು ಮೋಡದ ಫೋಟೊ ಏನನ್ನೂ ಹೇಳುವುದಿಲ್ಲ. ಬೆಳಿಗ್ಗೆ ಏನಿತ್ತು, ಮಧ್ಯಾಹ್ನ ಏನಾಯಿತು, ಅದರಲ್ಲಿ ಕತೆ ಇದೆ.

ಮೊದಲ ಕತೆ ನಿಧಾನದ್ದು. ನೀಲಿ ಆಕಾಶದಲ್ಲಿ ಹತ್ತಿ ಎಳೆದು ಬಿಟ್ಟ ಹಾಗೆ ಬಿಳಿ ನೂಲುಗಳು ಕಾಣುತ್ತವೆ. ಅದು ಸಿರಸ್, 6 ಕಿ.ಮೀ.ಗಿಂತ ಎತ್ತರ, ಪೂರ್ತಿ ಮಂಜುಗಡ್ಡೆಯ ಹರಳು. ಒಂದೆರಡು ನೂಲು ಇದ್ದರೆ ಏನೂ ಇಲ್ಲ. ಆದರೆ ಅವು ಒಂದೇ ದಿಕ್ಕಿನಿಂದ ಹೆಚ್ಚುತ್ತಾ ಹೆಚ್ಚುತ್ತಾ, ಕೆಲವು ಗಂಟೆಗಳಲ್ಲಿ ಆಕಾಶಕ್ಕೆಲ್ಲ ಹಾಲಿನ ಕೆನೆಯಂಥ ಪರದೆ ಎಳೆದರೆ ಗಮನ ಕೊಡಿ. ಆ ಪರದೆಯೊಳಗಿಂದ ಸೂರ್ಯನ ಅಥವಾ ಚಂದ್ರನ ಸುತ್ತ ದೊಡ್ಡ ಉಂಗುರ ಕಾಣಬಹುದು. ಬ್ಯಾಬಿಲೋನಿಯಾದ ಮಣ್ಣಿನ ಹಲಗೆಗಳಲ್ಲೂ ಈ ಉಂಗುರದ ಮಾತಿದೆ. ಕೈ ನೀಡಿ ಗೇಣು ಬಿಡಿಸಿ, ಹೆಬ್ಬೆರಳ ತುದಿಯಲ್ಲಿ ಸೂರ್ಯನನ್ನು ಮುಚ್ಚಿದರೆ ಕಿರುಬೆರಳ ತುದಿ ಹೆಚ್ಚು ಕಡಿಮೆ ಉಂಗುರಕ್ಕೆ ಮುಟ್ಟುತ್ತದೆ. ಆರು ಮೂಲೆಯ ಮಂಜಿನ ಹರಳುಗಳು ಬೆಳಕನ್ನು ಬಾಗಿಸುವ ಕೋನ ಸುಮಾರು 22 ಡಿಗ್ರಿ, ಮನುಷ್ಯನ ಗೇಣೂ ಹತ್ತಿರಹತ್ತಿರ ಅಷ್ಟೇ. ಸೂರ್ಯನನ್ನು ನೇರ ನೋಡಬೇಡಿ, ಯಾವುದಾದರೂ ಗೋಡೆ ಅಥವಾ ಕಂಬದಿಂದ ಮರೆ ಮಾಡಿಕೊಂಡೇ ನೋಡಿ. ಚಂದ್ರನಿಗೆ ಅಂಟಿಕೊಂಡ ಹಾಗೆ ಕಾಣುವ ಸಣ್ಣ ಬಣ್ಣದ ಬಳೆ ಬೇರೆ, ಅದು ನೀರಿನ ಹನಿಗಳದ್ದು. ಎರಡನ್ನೂ ಕಲಸಬೇಡಿ.

ಉಂಗುರ ಕಂಡ ಮೇಲೆ ಪರದೆ ದಪ್ಪವಾಗಿ, ಸೂರ್ಯ ಮಬ್ಬು ಗಾಜಿನ ಹಿಂದಿನ ದೀಪದ ಹಾಗೆ ಮಸುಕಾಗಿ, ನೆಲದ ಮೇಲೆ ನಿಮ್ಮ ನೆರಳೇ ಬೀಳದಂತಾಗಿ, ಮೋಡ ಇಳಿಯುತ್ತಾ ಬೂದು ಬಣ್ಣಕ್ಕೆ ತಿರುಗಿದರೆ ಆ ಸರಣಿ ಪೂರ್ತಿಯಾಯಿತು. ಇನ್ನು ಜಡಿಮಳೆಗೆ ಕೆಲವೇ ಗಂಟೆ. ನೂಲಿನಿಂದ ಮಳೆಯವರೆಗೆ ಸಾಮಾನ್ಯವಾಗಿ ಒಂದು ದಿನ ಹಿಡಿಯುತ್ತದೆ. ನಡುವೆ ಎಲ್ಲಾದರೂ ಸರಣಿ ತುಂಡಾದರೆ ಮಳೆ ಪಕ್ಕಕ್ಕೆ ಹೋಯಿತು ಅಂತ ಲೆಕ್ಕ. ಬರೀ ಉಂಗುರ ಕಂಡು ಕೊಡೆ ಹಿಡಿಯಬೇಡಿ. ಉಷ್ಣವಲಯದಲ್ಲಂತೂ ದೂರದ ಗುಡುಗು ಮೋಡದ ತಲೆ ಹರಡಿಕೊಂಡರೂ ಉಂಗುರ ಬರುತ್ತದೆ.

ಎರಡನೆಯದು ಅವಸರದ ಕತೆ, ಗುಡುಗು ಮಳೆಯದ್ದು. ಬೆಳಿಗ್ಗೆ ಹತ್ತರ ಹೊತ್ತಿಗೆ ಹೂಕೋಸಿನಂಥ ಬಿಳಿ ಮುದ್ದೆಗಳು ಏಳುತ್ತವೆ. ಅವು ಅಗಲಕ್ಕಿಂತ ಎತ್ತರ ಕಡಿಮೆ ಇದ್ದು, ತಳ ಚಪ್ಪಟೆಯಾಗಿ, ಸಂಜೆಗೆ ಕರಗಿದರೆ ಒಳ್ಳೆಯ ದಿನ. ಆದರೆ ಮಧ್ಯಾಹ್ನದ ಮೊದಲೇ ಗೋಪುರದ ಹಾಗೆ ಅಗಲಕ್ಕಿಂತ ಎತ್ತರವಾಗಿ ಏರುತ್ತಿದ್ದರೆ, ಅದರ ಮೇಲೆ ಸೆಕೆಯೂ ಇದ್ದರೆ, ಮಧ್ಯಾಹ್ನದ ಮೇಲೆ ದೂರದ ಕೆಲಸ ಇಟ್ಟುಕೊಳ್ಳಬೇಡಿ. ಒಂದೇ ಗೋಪುರವನ್ನು ಹತ್ತು ನಿಮಿಷ ಬಿಟ್ಟು ಮತ್ತೆ ನೋಡಿ, ಅಂಚು ಚೂಪಾಗಿ ಉಬ್ಬುತ್ತಲೇ ಇದೆಯಾ? ಆಮೇಲೆ ಅದರ ತಲೆ ನಾರುನಾರಾಗಿ ಕಮ್ಮಾರನ ಅಡಿಗಲ್ಲಿನ ಹಾಗೆ ಚಪ್ಪಟೆ ಹರಡಿದರೆ ಮುಗಿಯಿತು, ಅದು ಗುಡುಗಿನ ಮೋಡ.

ಅದು ಹತ್ತಿರ ಬಂದಾಗ ಆಗುವುದನ್ನು ಮೈಯೇ ಹೇಳುತ್ತದೆ. ಧಗೆಯ ನಡುವೆ ಗಾಳಿ ಪೂರ್ತಿ ನಿಲ್ಲಬಹುದು. ಆಮೇಲೆ ಒಮ್ಮೆಲೇ, ಮೋಡದ ಕಡೆಯಿಂದ, ಫ್ರಿಜ್ ಬಾಗಿಲು ತೆಗೆದ ಹಾಗೆ ತಣ್ಣನೆ ಗಾಳಿ. ಮಳೆಯಿಂದ ತಣಿದು ಭಾರವಾದ ಗಾಳಿ ಕೆಳಗಿಳಿದು ನೆಲದ ಮೇಲೆ ಹರಡುತ್ತದೆ, ಅದು ಮಳೆಗಿಂತ ಮುಂದೆ ಓಡಿ ಬರುತ್ತದೆ. ಅದರ ಜೊತೆಗೇ ಒದ್ದೆ ಮಣ್ಣಿನ ವಾಸನೆ. ನಿಮ್ಮಲ್ಲಿ ಹನಿ ಬೀಳದೆ ವಾಸನೆ ಬಂತು ಅಂದರೆ ಗಾಳಿ ಬರುವ ಕಡೆ ಆಗಲೇ ಬಿದ್ದಿದೆ. ಆ ವಾಸನೆಗೆ 1964ರಲ್ಲಿ ಆಸ್ಟ್ರೇಲಿಯಾದ ಇಬ್ಬರು ವಿಜ್ಞಾನಿಗಳು ಪೆಟ್ರಿಕೋರ್ ಅಂತ ಹೆಸರಿಟ್ಟರು. ಹೆಸರಿಲ್ಲದೆಯೂ ಅದು ಸಾವಿರಾರು ವರ್ಷ ಕೆಲಸ ಮಾಡಿತ್ತು.

ಈಗ ಮಿಂಚು ಕಂಡರೆ ಎಣಿಸಲು ಶುರು ಮಾಡಿ. ಸದ್ದು ಒಂದು ಕಿ.ಮೀ. ಸಾಗಲು ಸುಮಾರು 3 ಸೆಕೆಂಡ್ ಬೇಕು. ಗುಡುಗು ಕೇಳುವಷ್ಟರಲ್ಲಿ 12 ಎಣಿಸಿದರೆ 4 ಕಿ.ಮೀ. ದೂರ. ಆದರೆ 30ಕ್ಕಿಂತ ಕಡಿಮೆ ಬಂತು ಅಂದರೇ ಸಾಕು, ಒಳಗೆ ಹೋಗಿ. ಕೊನೆಯ ಗುಡುಗಿನ ನಂತರ 30 ನಿಮಿಷ ಹೊರಗೆ ಬರಬೇಡಿ. ಮರದ ಕೆಳಗೆ ನಿಲ್ಲಲೇಬೇಡಿ. "ಗುಡುಗುವ ಮೋಡ ಸುರಿಯುವುದಿಲ್ಲ" ಅನ್ನುವ ಗಾದೆ ಮನುಷ್ಯರ ಬಗ್ಗೆ ಸರಿ, ಮೋಡಕ್ಕೆ ಅನ್ವಯಿಸಬೇಡಿ.

5. ತೇವ ಅಳೆಯಲು ಉಣ್ಣೆಯ ತಕ್ಕಡಿ

ಬೆಳಿಗ್ಗೆ ಹುಲ್ಲಿನ ಮೇಲೆ ಕೈ ಆಡಿಸಿ. ಇಬ್ಬನಿ ಚೆನ್ನಾಗಿದ್ದರೆ ರಾತ್ರಿ ಆಕಾಶ ತಿಳಿಯಾಗಿತ್ತು, ಗಾಳಿ ಇರಲಿಲ್ಲ, ನೆಲ ಬೇಗ ತಣಿಯಿತು. ಅಂಥ ದಿನ ಸಾಮಾನ್ಯವಾಗಿ ಒಣಗಿರುತ್ತದೆ. ದಿನಾ ಇಬ್ಬನಿ ಬೀಳುವ ಕಾಲದಲ್ಲಿ ಒಂದು ಬೆಳಿಗ್ಗೆ ಹುಲ್ಲು ಒಣಗಿದ್ದರೆ ಮಾತ್ರ ತಲೆ ಎತ್ತಿ ನೋಡಿ, ರಾತ್ರಿ ಮೋಡವೋ ಗಾಳಿಯೋ ಬಂದು ಹೋಗಿದೆ.

ಉಪ್ಪು ಕಟ್ಟುವುದು, ಮರದ ಬಾಗಿಲು ಬಿಗಿಯುವುದು, ಕೂದಲು ಕೆದರುವುದು ಎಲ್ಲ ತೇವದ ಲೆಕ್ಕವೇ. ಕೂದಲು ತೇವಕ್ಕೆ ಉದ್ದವಾಗುತ್ತದೆ. ಸ್ವಿಟ್ಜರ್ಲೆಂಡಿನ ಸೊಸ್ಯೂರ್ 1783ರಲ್ಲಿ ಮನುಷ್ಯನ ಕೂದಲನ್ನೇ ಇಟ್ಟು ತೇವಮಾಪಕ ಮಾಡಿದ್ದು ಅದರಿಂದಲೇ. ಅದಕ್ಕೂ ಮೊದಲು, 15ನೇ ಶತಮಾನದಲ್ಲಿ, ಕೂಸಾದ ನಿಕೋಲಸ್ ಅನ್ನುವ ಪಾದ್ರಿ ಇನ್ನೂ ಸುಲಭದ್ದೊಂದು ಹೇಳಿದ್ದರು. ಅದನ್ನು ನೀವು ಹದಿನೈದು ನಿಮಿಷದಲ್ಲಿ ಮಾಡಬಹುದು.

ಒಂದೂವರೆ ಗೇಣು ಉದ್ದದ ತೆಳು ಕಡ್ಡಿ ತೆಗೆದುಕೊಳ್ಳಿ. ನಡುವೆ ದಾರ ಕಟ್ಟಿ ತೂಗು ಹಾಕಿ. ಒಂದು ತುದಿಗೆ ಬಿಡಿಬಿಡಿಯಾಗಿ ಹಿಂಜಿದ ಉಣ್ಣೆ, ಇನ್ನೊಂದು ತುದಿಗೆ ಸಣ್ಣ ಕಲ್ಲು. ಒಣ ದಿನ ನೋಡಿ ಕಡ್ಡಿ ಮಟ್ಟಸವಾಗುವ ಹಾಗೆ ಕಲ್ಲನ್ನು ಆಚೀಚೆ ಸರಿಸಿ, ಹಿಂದಿನ ಗೋಡೆಗೆ ಪೆನ್ಸಿಲ್ ಗೆರೆ ಹಾಕಿ. ಬಿಸಿಲು, ಮಳೆ, ಗಾಳಿ ಹೊಡೆತ ಬೀಳದ, ಆದರೆ ಹೊರಗಿನ ಗಾಳಿ ಆಡುವ ಜಾಗ ಬೇಕು. ಉಣ್ಣೆ ಗಾಳಿಯ ತೇವ ಹೀರಿದಂತೆ ಆ ತುದಿ ಕೆಳಗಿಳಿಯುತ್ತದೆ. ಒಂದೇ ಎಚ್ಚರ: ಗಾಳಿ ಬೆಳಗಿನ ಜಾವ ತೇವವಾಗಿಯೂ ಮಧ್ಯಾಹ್ನ ಒಣಗಿಯೂ ಇರುವುದು ಮಾಮೂಲಿ. ಆದ್ದರಿಂದ ಇವತ್ತಿನ ಮೂರು ಗಂಟೆಯನ್ನು ನಿನ್ನೆಯ ಮೂರು ಗಂಟೆಗೆ ಹೋಲಿಸಿ, ಇವತ್ತಿನ ಬೆಳಿಗ್ಗೆಗಲ್ಲ. ಮಧ್ಯಾಹ್ನವೂ ಉಣ್ಣೆ ಏಳದೆ ಕೆಳಗೇ ಕೂತಿದ್ದರೆ ಅದು ಸುದ್ದಿ.

6. ಪ್ರಾಣಿ, ಹುಳ, ಹುಣ್ಣಿಮೆ

ಇಲ್ಲಿ ಬೇಗ ಮುಗಿಸುತ್ತೇನೆ. ಹಸು ಮಲಗಿದರೆ ಮಳೆ ಅನ್ನುತ್ತಾರೆ, ಹಸು ಮೆಲುಕು ಹಾಕಲೂ ಮಲಗುತ್ತದೆ. ಇರುವೆ ಮೊಟ್ಟೆ ಹೊತ್ತರೆ ಮಳೆ ಅನ್ನುತ್ತಾರೆ, ಇರುವೆ ಬೇರೆ ಹತ್ತು ಕಾರಣಕ್ಕೂ ಗೂಡು ಬದಲಿಸುತ್ತದೆ. ಹಕ್ಕಿಗಳು ಕೆಳಗೆ ಹಾರಿ ಹುಳ ಹಿಡಿಯುತ್ತಿದ್ದರೆ ಹುಳಗಳು ಕೆಳಗಿವೆ ಅಂತ, ಅದಕ್ಕೆ ಹವೆ ಒಂದು ಕಾರಣ ಇರಬಹುದು. ಚಳಿದೇಶದ ಒಂದು ಪ್ರಾಣಿ ತನ್ನ ನೆರಳು ನೋಡಿ ಇನ್ನಾರು ವಾರದ ಚಳಿ ಹೇಳುತ್ತದೆ ಅಂತ ಹಬ್ಬವನ್ನೇ ಮಾಡುತ್ತಾರೆ, ಅದಕ್ಕಿಂತ ನಾಣ್ಯ ಚಿಮ್ಮುವುದು ವಾಸಿ. 1851ರ ಲಂಡನ್ ಮಹಾಪ್ರದರ್ಶನದಲ್ಲಿ ಮೆರಿವೆದರ್ ಅನ್ನುವ ವೈದ್ಯರು 12 ಬಾಟಲಿಗಳಲ್ಲಿ ಜಿಗಣೆ ಇಟ್ಟಿದ್ದರು. ಬಿರುಗಾಳಿ ಬರುವ ಮುಂಚೆ ಜಿಗಣೆ ಮೇಲೇರಿ ಗಂಟೆ ಬಾರಿಸುತ್ತದಂತೆ. ನೋಡಲು ಚೆಂದವಿತ್ತು, ಯಾರೂ ಬಳಸಲಿಲ್ಲ.

ಒಂದು ಮಾತ್ರ ಲೆಕ್ಕಕ್ಕೆ ಸಿಗುತ್ತದೆ: ಜೀರುಂಡೆ. 25 ಸೆಕೆಂಡಿನಲ್ಲಿ ಎಷ್ಟು ಸಲ ಕೂಗಿತು ಎಣಿಸಿ, ಮೂರರಿಂದ ಭಾಗಿಸಿ, ನಾಲ್ಕು ಕೂಡಿಸಿ. ಹತ್ತಿರಹತ್ತಿರ ಸೆಲ್ಸಿಯಸ್ ಉಷ್ಣತೆ ಸಿಗುತ್ತದೆ. ಅಮೆರಿಕದ ಡೋಲ್‌ಬೇರ್ 1897ರಲ್ಲಿ ಕೊಟ್ಟ ಸೂತ್ರದ ಸುಲಭ ರೂಪ ಇದು, ಎಲ್ಲ ಜಾತಿಯ ಜೀರುಂಡೆಗೂ ಕೂಡುವುದಿಲ್ಲ. ಅದೂ ಈಗಿನ ಬಿಸಿ ಹೇಳುತ್ತದೆಯೇ ಹೊರತು ನಾಳೆಯದ್ದಲ್ಲ.

ತಿಂಗಳುಗಟ್ಟಲೆ ಮುಂದಿನದು ಹೇಳುವ ಆಸೆಯೂ ಹಳೆಯದೇ. ಮೋಡ ಗರ್ಭ ಕಟ್ಟಿದ 195 ದಿನಕ್ಕೆ ಮಳೆ ಹೆರುತ್ತದೆ ಅಂತ ವರಾಹಮಿಹಿರ 6ನೇ ಶತಮಾನದಲ್ಲೇ ಲೆಕ್ಕ ಹಾಕಿದ್ದ. ಅಷ್ಟು ಶ್ರದ್ಧೆಯಿಂದ ದಿನ ಎಣಿಸಿದ್ದಕ್ಕೆ ಕೈಮುಗಿಯಬೇಕು. ಆದರೆ ಒಂದು ದಿನದ ಮೋಡ ಆರು ತಿಂಗಳು ಏನನ್ನೂ ನೆನಪಿಟ್ಟುಕೊಳ್ಳುವುದಿಲ್ಲ.

7. ಈಗ ಎಲ್ಲ ಕೂಡಿಸಿ

ಒಂದು ಸೂಚನೆಗೆ ಊಹೆ ಬರೆಯಬೇಡಿ. ಮಳೆಯ ಬಾಗಿಲು, ಮೇಲಿನ ಗಾಳಿ, ಮೋಡದ ಸರಣಿ, ಉಣ್ಣೆ. ನಾಲ್ಕರಲ್ಲಿ ಮೂರು ಒಂದೇ ಮಾತು ಹೇಳಿದರೆ ಧೈರ್ಯವಾಗಿ ಬರೆಯಿರಿ. ಎರಡೆರಡಾದರೆ "ನಾಳೆಯೂ ಇವತ್ತಿನ ಹಾಗೇ" ಅಂತ ಪೆದ್ದು ಊಹೆಯನ್ನೇ ಬರೆಯಿರಿ, ನಾಚಿಕೆ ಬೇಡ.

ನನ್ನ ನೋಟ್‌ಬುಕ್‌ನ ಒಂದು ಪುಟ ಹೀಗಿದೆ. "ಬೆಳಿಗ್ಗೆ: ಇಬ್ಬನಿ ಇಲ್ಲ. ಗಾಳಿ 2. ಪೂರ್ವದಲ್ಲಿ ನೂಲು. ಮಧ್ಯಾಹ್ನ: ಪರದೆ ಅರ್ಧ ಆಕಾಶ, ಉಂಗುರ ಕಂಡಿತು, ಉಣ್ಣೆ ನಿನ್ನೆಗಿಂತ ಒಂದು ಬೆರಳು ಕೆಳಗೆ. ಸಂಜೆ: ನೆರಳು ಬೀಳುತ್ತಿಲ್ಲ, ಪೂರ್ವ ಬೂದು, ಪಶ್ಚಿಮ ಕೆಂಪು. ಊಹೆ: ಬೆಳಗಾಗುವ ಮೊದಲು ಮಳೆ." ಪಕ್ಕದಲ್ಲಿ ಬೇರೆ ಇಂಕಿನಲ್ಲಿ: "4.40ಕ್ಕೆ ಶುರು. ಕಂಬಳಿ ಒಳಗಿತ್ತು."

ಅದರ ಮುಂದಿನ ಪುಟದಲ್ಲೂ ಮಳೆ ಅಂತಲೇ ಬರೆದಿದ್ದೆ. ಆ ದಿನ ಹನಿಯೂ ಬೀಳಲಿಲ್ಲ.